ಚಾಡಿಕೋರ ಪೆಟ್ಟಿಗೆ

ಮುದುಕರು ಮೂರನೆಯ ಕ್ಯಾಮೆರಾವನ್ನು ಕಿವಿಗೆ ಹಿಡಿದು ಗುಂಡಿ ಒತ್ತಿದರು. ಒಳಗಿನ ಚಕ್ರಗಳು ಕಿರ್ರೆಂದು ಓಡಿ ನಿಂತವು.

"ಇದು ಸತ್ಯವಂತ," ಅಂದರು. "ಮೊದಲನೆಯದು ಒಂದು ಸೆಕೆಂಡು ಅಂತ ಹೇಳಿ ಒಂದೂವರೆ ತಗೊಳ್ತು. ಎರಡನೆಯದಕ್ಕೆ ನಡುವೆ ಉಸಿರು ಕಟ್ಟುತ್ತೆ."

ಕ್ಯಾಮೆರಾ ರಿಪೇರಿಯವಳು ಬೆರಗಾದಳು. ಅವಳ ಮೇಜಿನ ಮೇಲಿದ್ದ ಅಳತೆಯ ಯಂತ್ರ ಹೇಳಿದ್ದೂ ಅದನ್ನೇ. ಕಪ್ಪು ಕನ್ನಡಕ, ಮೊಣಕಾಲಿಗೆ ಒರಗಿಸಿದ ಬಿಳಿ ಕೋಲು ನೋಡಿ, ಇವರಿಗೆಂಥ ಕ್ಯಾಮೆರಾ ಅಂದುಕೊಂಡಿದ್ದಳು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರಂತೆ. ಕಣ್ಣು ಹೋಗಿ ಐದು ವರ್ಷ.

"ಬೇಜಾರು ಮಾಡ್ಕೋಬೇಡಿ ಯಜಮಾನರೇ. ಫೋನಲ್ಲೇ ತೆಗೀಬಹುದಲ್ಲ?"

"ಫೋನು ಬರೀ ಗಾಜು ತಾಯಿ, ಬೆರಳಿಗೆ ತಲೆಬುಡ ಗೊತ್ತಾಗಲ್ಲ. ಅಲ್ಲದೆ ಅದರಲ್ಲಿ ತೆಗೆದದ್ದನ್ನ ನನ್ನ ಹೆಂಡ್ತಿ ಅಲ್ಲೇ ನೋಡಿ ಅಲ್ಲೇ ಅಳಿಸಿಬಿಡ್ತಾಳೆ." ಮುದುಕರು ದನಿ ತಗ್ಗಿಸಿದರು. "ಅವಳು ಸೊರಗ್ತಿದಾಳೆ ಅಂತ ನನಗೆ ಅನುಮಾನ. ಉಂಗುರ ಜಾರುತ್ತೆ ಅಂತ ಅದಕ್ಕೆ ನೂಲು ಸುತ್ತಿದಾಳೆ. ಕೇಳಿದರೆ 'ಗುಂಡುಕಲ್ಲಿನ ಹಾಗಿದೀನಿ' ಅಂತಾಳೆ. ಅವಳ ತಂಗಿ, ಅಕ್ಕಪಕ್ಕದವರು, ಯಾರನ್ನ ಕೇಳಿದರೂ ಅದೇ ಗುಂಡುಕಲ್ಲು. ಎಲ್ಲರಿಗೂ ಪಾಠ ಹೇಳಿಕೊಟ್ಟಿದಾಳೆ. ಫಿಲ್ಮಿಗೆ ಹೇಳಿಕೊಡಕ್ಕಾಗಲ್ಲವಲ್ಲ!"

ಈ ಅಂಗಡಿ ಇಟ್ಟಿದ್ದ ರಿಪೇರಿಯವಳ ಅಪ್ಪನೂ ಕಾಯಿಲೆ ಮುಚ್ಚಿಟ್ಟು 'ಏನಿಲ್ಲ ಬಿಡು, ಏನಿಲ್ಲ ಬಿಡು' ಅನ್ನುತ್ತಲೇ ಹೋಗಿಬಿಟ್ಟಿದ್ದರು. ಅವಳು ಆ ಸತ್ಯವಂತನನ್ನು ಬಿಚ್ಚಿದಳು. ಮಡಿಕೆ ಮಡಿಕೆಯಾಗಿ ಚಾಚಿಕೊಂಡ ಕಪ್ಪು ಚರ್ಮದ ತಿದಿಯೊಳಗೆ ಟಾರ್ಚು ಬಿಟ್ಟು ನೋಡಿದಳು. ಸೂಜಿಮೊನೆಯಷ್ಟು ಬೆಳಕೂ ಸೋರಲಿಲ್ಲ. ಒಂದು ಫೋಟೋ ಆದ ಮೇಲೆ ಫಿಲ್ಮು ತಿರುಗಿಸಿದರೆ ಮುಂದಿನದಕ್ಕೆ ತಾನಾಗಿಯೇ ನಿಲ್ಲುವ ಕ್ಯಾಮೆರಾ ಅದು, ಅಂಕಿ ನೋಡುವ ಗೋಜಿಲ್ಲ. ಉಳಿದದ್ದು ದೂರದ ಲೆಕ್ಕ. ದೂರಕ್ಕೆ ತಕ್ಕ ಹಾಗೆ ತಿರುಗಿಸುವ ಲೆನ್ಸಿನ ಬಳೆಯ ಮೇಲೆ ಅರದಿಂದ ಗೀರು ಹಾಕಿದಳು: ನಾಲ್ಕಡಿಗೆ ಒಂದು, ಏಳಡಿಗೆ ಎರಡು, ಹದಿನೈದಕ್ಕೆ ಮೂರು. ಮುದುಕರ ಹೆಬ್ಬೆರಳನ್ನು ಹಿಡಿದು ಅದರ ಮೇಲೆ ಆಡಿಸಿದಳು.

"ಬೆಳಕಿನ ಅಳತೆ ನಾನೇ ಕೂರಿಸಿದೀನಿ. ಹಗಲಲ್ಲಿ, ಕಿಟಕಿ ಬಾಗಿಲು ತೆಗೆದಿಟ್ಟು ತೆಗೀರಿ. ಒಂದು ರೋಲಿಗೆ ಹನ್ನೆರಡು ಫೋಟೋ ಬರುತ್ತೆ."

ವಾರದ ಮೇಲೆ ರೋಲು ಬಂತು. ಅವಳು ಅದನ್ನು ತೊಳೆದು, ಒಣಗಿಸಿ, ಹನ್ನೆರಡನ್ನೂ ಒಂದೇ ಹಾಳೆಯ ಮೇಲೆ ಅಚ್ಚು ಹಾಕುವವರೆಗೆ ಮುದುಕರು ಸ್ಟೂಲಿನಿಂದ ಅಲ್ಲಾಡಲಿಲ್ಲ.

ಎರಡರಲ್ಲಿ ಬರೀ ಗೋಡೆ. ಒಂದರಲ್ಲಿ ಅರ್ಧ ಕಿವಿ. ಉಳಿದವುಗಳಲ್ಲಿ ಕುತ್ತಿಗೆವರೆಗೂ ಶಾಲು ಹೊದ್ದ ಹೆಂಗಸೊಬ್ಬಳು ಗಲ್ಲ ಉಬ್ಬಿಸಿಕೊಂಡು ನಗುತ್ತಿದ್ದಳು. ಗುಂಡುಕಲ್ಲೇ. ಹನ್ನೆರಡನೆಯದರಲ್ಲಿ ಮಾತ್ರ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬಕೆಟ್ಟು, ಶಾಲಿಲ್ಲ, ತಲೆ ಗೋಡೆಗೆ ಒರಗಿತ್ತು, ಕಣ್ಣು ಮುಚ್ಚಿತ್ತು. ಕತ್ತಿನ ಗುಳಿಯಲ್ಲಿ ನೀರು ಹುಯ್ದರೆ ನಿಲ್ಲುವ ಹಾಗಿತ್ತು. ಹನ್ನೆರಡರಲ್ಲಿ ಎಳೆ ಎಳೆಯಾಗಿ ಸ್ಪಷ್ಟವಾಗಿ ಬಂದದ್ದು ಅದೊಂದೇ.

"ಮೆಟ್ಟಿಲ ಮೇಲಿಂದು ಬಂದಿದೆಯಾ?" ಮುದುಕರೇ ಕೇಳಿದರು. "ಏಳಡಿ. ದಿನಾ ಅಲ್ಲೇ ಕೂತು ಸುಧಾರಿಸ್ಕೊತಾಳೆ. ನನಗೆ ಕೇಳಿಸಲ್ಲ ಅಂದ್ಕೊಂಡಿದಾಳೆ. ಹೇಳು ತಾಯಿ, ಹೇಗಿದಾಳೆ? ನೀನೂ ಗುಂಡುಕಲ್ಲು ಅನ್ನಬೇಡ."

ಸುಳ್ಳು ರಿಪೇರಿಯವಳ ನಾಲಗೆ ತುದಿವರೆಗೆ ಬಂದಿತ್ತು. ನುಂಗಿಕೊಂಡಳು. "ತುಂಬಾ ಇಳಿದುಹೋಗಿದಾರೆ ಯಜಮಾನರೇ. ತಡ ಮಾಡಬೇಡಿ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು. "ಅದೊಂದನ್ನ ದೊಡ್ಡದು ಮಾಡಿಕೊಡು."

"ಆದರೆ ನಿಮಗೆ..."

"ನನಗಲ್ಲ. ನಮ್ಮಿಬ್ಬರಲ್ಲಿ ಕಣ್ಣಿರೋಳು ಅವಳು ತಾನೆ? ಅವಳು ನೋಡ್ಲಿ."

ಎರಡು ತಿಂಗಳ ಮೇಲೆ, ಒಂದು ಬೆಳಿಗ್ಗೆ, ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ಯಾರು ಯಾರ ಕೈ ಹಿಡಿದು ನಡೆಸುತ್ತಿದ್ದಾರೆ ಅಂತ ಹೇಳುವುದು ಕಷ್ಟವಿತ್ತು. ಹೆಂಡತಿಯ ಹೊಟ್ಟೆಯಲ್ಲಿದ್ದ ಗಡ್ಡೆ ತೆಗೆದಿದ್ದರು. ಇನ್ನೊಂದಿಷ್ಟು ದಿನ ಬಿಟ್ಟಿದ್ದರೆ ಕೈಮೀರುತ್ತಿತ್ತು ಅಂದರಂತೆ ಡಾಕ್ಟರು. ಆಕೆ ಇನ್ನೂ ಕಡ್ಡಿಯ ಹಾಗೇ ಇದ್ದಳು, ಬಾಯಿ ಮಾತ್ರ ಜೋರು.

"ಇವರ ಕೈಗೆ ಈ ಚಾಡಿಕೋರ ಪೆಟ್ಟಿಗೆ ಕೊಟ್ಟೋಳು ನೀನೇನಾ ಮಗಳೇ?" ಕ್ಯಾಮೆರಾವನ್ನು ಮೇಜಿನ ಮೇಲಿಟ್ಟಳು. "ಇದಕ್ಕೆ ಇನ್ನೊಂದು ರೋಲು ಹಾಕು. ಇವತ್ತು ನಾನು ತೆಗೀತೀನಿ. ನನಗೆ ಊಟ ಮಾಡಿಸಿ ಮಾಡಿಸಿ ಇವರೇ ಉಪವಾಸ ಬಿದ್ದಿದಾರೆ. ಇವರ ಚಾಡಿನೂ ಒಂದಿಷ್ಟು ಹೇಳ್ಲಿ."

ರೋಲು ಹಾಕಿದ ಮೇಲೆ ಆಕೆ ಮುದುಕರನ್ನು ಸ್ಟೂಲಿನ ಮೇಲೆ ಕೂರಿಸಿ, ಕ್ಯಾಮೆರಾ ಹಿಡಿದು ಸದ್ದು ಮಾಡದೆ ಹಿಂದೆ ಸರಿದು, ಬಾಗಿಲ ಬೆಳಕಿನ ಒಂದು ಮಗ್ಗುಲಿಗೆ ಹೋಗಿ ನಿಂತಳು.

"ಯಾವ ಕಡೆ ನೋಡ್ಲಿ?" ಮುದುಕರು ಕೇಳಿದರು.

ಆಕೆ ಇನ್ನೂ ಬಾಯಿ ತೆರೆದಿರಲಿಲ್ಲ. ಅವರ ಮುಖ ಆಗಲೇ ಆಕೆಯ ಕಡೆ ತಿರುಗಿತ್ತು.