ಕವಿಯ ಮೇಜಿನ ಕಪ್ ಸಾಸರ್

ಹಗ್ಗದಾಚೆಯ ಮೇಜಿಗೆ ಲೀಲಾಧರ ಶೆಟ್ಟರ ಕೈ ತಾನಾಗಿ ಹೋಯಿತು. ಕವಿ ಕೊನೆಯ ಸಲ ಚಹಾ ಕುಡಿದಿದ್ದ ಕಪ್ ಸಾಸರ್ ಎಡಗೈಗೆ ಬಂತು. ಬಲಗೈ ಕರ್ಚೀಫಿನಿಂದ ಮೇಜು ಒರೆಸಿಯೂ ಆಯಿತು. ಹೋಟೆಲಿನ ಕ್ಲೀನರ್ ಆಗಿ ಮುಂಬಯಿಗೆ ಬಂದವರು. ಈಗ ಡೊಂಬಿವಲಿಯಲ್ಲಿ ಸ್ವಂತ ಹೋಟೆಲಿದ್ದರೂ ಖಾಲಿ ಕಪ್ ಕಂಡರೆ ಕೈ ಸುಮ್ಮನಿರದು.

"ಪಪ್ಪಾ, ವೋ ಮ್ಯೂಸಿಯಂ ಕಾ ಹೈ, ಮುಟ್ಟಬೇಡಿ," ಮಗಳು ಅಶ್ಮಿತಾ ಪಿಸುಗುಟ್ಟಿದಳು. ಅವಳು ಮೆಚ್ಚಿದ ಹುಡುಗ ಕವಿಯ ಮೊಮ್ಮಗ. ಕಲ್ಯಾಣದ ಈ ಮನೆಯನ್ನು ಮ್ಯೂಸಿಯಂ ಮಾಡಿ ನೋಡಿಕೊಳ್ಳುತ್ತಿದ್ದ ಅವನ ಅಜ್ಜಿ, ಹುಡುಗಿಯ ತಂದೆಯನ್ನು ನೋಡಬೇಕೆಂದು ಕರೆಸಿದ್ದರು. ಹೋಟೆಲಿನ ಮಾತು ತೆಗೆಯಬೇಡಿ ಎಂದು ಅಶ್ಮಿತಾ ರಿಕ್ಷಾದಲ್ಲೇ ಹೇಳಿಟ್ಟಿದ್ದಳು.

"ಮಾಫ್ ಕರಾ ಆಜಿ, ಹೋಟೆಲಿನವರ ಕೈ ಇದು," ಎಂದ ಶೆಟ್ಟರು, ಕಪ್ ಎಲ್ಲಿಡುವುದೆಂದು ತಿಳಿಯದೆ ನಿಂತರು.

ಅಜ್ಜಿ ಕನ್ನಡಕ ಏರಿಸಿಕೊಂಡು ಮೇಜನ್ನು ನೋಡಿದರು. ಅದು ಹೊಳೆಯುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಮೊಮ್ಮಗನತ್ತ ತಿರುಗಿ ಮರಾಠಿಯಲ್ಲಿ ಹೇಳಿದರು: "ಅಷ್ಟೆಲ್ಲ ಕವಿತೆ ಬರೆದ ನಿನ್ನಜ್ಜ, ತಾನು ಕುಡಿದ ಕಪ್ಪನ್ನು ಒಂದು ದಿನವೂ ಎತ್ತಿಟ್ಟವರಲ್ಲ. ನೀನೂ ಹಾಗೆಯೇ."

ಆಮೇಲೆ ಶೆಟ್ಟರಿಗಾಗಿ ಹಗ್ಗ ಬಿಚ್ಚಿದರು.

"ಅಡುಗೆಮನೆ ಬಲಗಡೆ ಇದೆ, ಬೀಗರೇ."