ಪೂಜೆಗಿಟ್ಟ ಕೆಂಪು ಸಿಲಿಂಡರು

ಕರ್ಪೂರದ ಉರಿ ಗಾಳಿಗೆ ವಾಲಿ ಸರಸ್ವತಿಯ ಪಟಕ್ಕೆ ಸುತ್ತಿದ್ದ ಬಣ್ಣದ ಕಾಗದಕ್ಕೆ ಹತ್ತಿಕೊಂಡಾಗ ಸೌಂದರವಲ್ಲಿಯಮ್ಮ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಕಣ್ಣು ತೆರೆದರೆ ದೇವಿಯ ಸುತ್ತ ಪ್ರಭಾವಳಿ! ತಾಯಿ ಒಲಿದಳೆಂದು ಅವರಿಗೆ ಮೈ ಜುಮ್ಮೆಂದಿತು. ಸೊಸೆ ತಿಲಕವತಿ "ಅತ್ತೇ, ಬೆಂಕಿ!" ಎಂದು ಕಿರುಚಿದ ಮೇಲೆಯೇ ಅದು ಬೆಂಕಿಯೆಂದು ತಿಳಿದದ್ದು.

ತಮಿಳುನಾಡಿನ ಮನ್ನಾರ್‌ಗುಡಿಯ ಆ ಮನೆಯಲ್ಲಿ ಆಯುಧಪೂಜೆಯ ದಿನ ಪೂಜೆಗೆ ಕೂರದ ಸಾಮಾನೇ ಇರಲಿಲ್ಲ. ಈಳಿಗೆಮಣೆ, ಹೊಲಿಗೆ ಯಂತ್ರ, ಸುತ್ತಿಗೆ, ಬಾವಿಯ ಬಕೆಟ್ಟು ಎಲ್ಲಕ್ಕೂ ಗಂಧ, ಕುಂಕುಮ. ಒಮ್ಮೆ ಇಟ್ಟರೆ ಮಾರನೆಯ ದಿನ ವಿಜಯದಶಮಿಯ ಮರುಪೂಜೆಯಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ಈ ಸಲ ಬೆಂಕಿ ಆರಿಸುವ ಕೆಂಪು ಸಿಲಿಂಡರೂ ಮೊದಲ ಬಾರಿಗೆ ಗೋಡೆಯಿಂದಿಳಿದು, ಕೊರಳಿಗೆ ಚೆಂಡುಹೂವಿನ ಹಾರ ಹಾಕಿಕೊಂಡು, ಮದುಮಗನ ಹಾಗೆ ನಡುವೆ ನಿಂತಿತ್ತು. ಮಗ ವೈದ್ಯಲಿಂಗಂ ನಾಲ್ಕು ವರ್ಷದ ಹಿಂದೆ ತಂದದ್ದು. "ಮನೆ ಅಂದ್ಮೇಲೆ ಎಚ್ಚರಿಕೆ ಬೇಕು" ಎಂದು ಅದನ್ನು ತೋರಿಸದೆ ಅವನು ಯಾವ ನೆಂಟರಿಗೂ ಕಾಫಿ ಕೊಟ್ಟವನಲ್ಲ.

ಈಗ ಅದರ ಕಡೆಗೇ ನೆಗೆದ. ತಾಯಿ ಕೈ ಹಿಡಿದೆಳೆದರು.

"ಮುಟ್ಬೇಡ ಕಣೋ! ಮರುಪೂಜೆ ಆಗಿಲ್ಲ."

"ಮನೇನೇ ಸುಟ್ಟುಹೋದ್ರೆ ಮರುಪೂಜೆ ಎಲ್ಲಮ್ಮಾ ಮಾಡ್ತೀಯಾ?"

"ಬಕೆಟ್ಟಾದ್ರೂ ತರ್ಲಾ?" ಎಂದಳು ತಿಲಕವತಿ.

"ಅದೂ ಪೂಜೇಲಿದೆ ಕಣೇ!"

ಉರಿ ಪಟದ ಕೆಳಗೆ ಪೂಜೆಗಿಟ್ಟಿದ್ದ ಪುಸ್ತಕಗಳ ರಾಶಿಗಿಳಿಯಿತು. ಎಲ್ಲಕ್ಕಿಂತ ಮೇಲಿದ್ದದ್ದು, ತೀರಿಹೋದ ಯಜಮಾನರು ವರ್ಷಗಟ್ಟಲೆ ಕೂತು ಕೈಯಾರೆ ಬರೆದಿಟ್ಟ ತೇವಾರದ ಶಿವಸ್ತುತಿ ಹಾಡುಗಳ ನೋಟುಬುಕ್ಕು. ಅದರ ಅಂಚು ಕಪ್ಪಾಗುವುದನ್ನು ಕಂಡದ್ದೇ ತಡ, ಮೊಣಕಾಲು ನೋವೆಂದು ಮೆಟ್ಟಿಲು ಹತ್ತದ ಸೌಂದರವಲ್ಲಿಯಮ್ಮ ಅಡುಗೆಮನೆಗೆ ಓಡಿ, ಸಾರಿನ ಪಾತ್ರೆಯನ್ನೇ ಎತ್ತಿ ತಂದು ಸುರಿದುಬಿಟ್ಟರು. ಸಾರನ್ನು ಯಾರೂ ಪೂಜೆಗೆ ಇಟ್ಟಿರಲಿಲ್ಲ. ಬೆಂಕಿ ಚುಂಯ್ ಎಂದು ಆರಿತು. ಸರಸ್ವತಿಯ ವೀಣೆಯ ಮೇಲೆ ಟೊಮೆಟೊ ಸಿಪ್ಪೆಯೊಂದು ಅಂಟಿಕೊಂಡಿತು.

"ನಿನ್ನ ಶಾಸ್ತ್ರದಿಂದ ಅಪ್ಪನ ಬರಹ ಬೂದಿ ಆಗ್ತಿತ್ತು" ಎಂದು ಮಗ ಮುಖ ತಿರುಗಿಸಿದ. ಸೌಂದರವಲ್ಲಿಯಮ್ಮ ಸುಟ್ಟ ಅಂಚನ್ನು ಸೆರಗಿನಲ್ಲಿ ಒರೆಸುತ್ತ, ತಪ್ಪು ನನ್ನದೇನಾ ತಾಯೀ ಎಂದು ಪಟದ ಕಡೆ ನೋಡಿದರು. ತಾಯಿ ಟೊಮೆಟೊ ಸಿಪ್ಪೆ ಹೊತ್ತು ಸುಮ್ಮನೆ ನಗುತ್ತಿದ್ದಳು.

ಬೆಳಿಗ್ಗೆ ಮರುಪೂಜೆಯಾಯಿತು. ಪದ್ಧತಿಯಂತೆ ಆಮೇಲೆ ಪ್ರತಿಯೊಂದನ್ನೂ ಒಂದು ಸಲ ಬಳಸಬೇಕು. ಈಳಿಗೆಮಣೆಯ ಮೇಲೆ ಬದನೆಕಾಯಿ ಹೆಚ್ಚಿದರು, ಹೊಲಿಗೆ ಯಂತ್ರದಲ್ಲಿ ನಾಲ್ಕು ಹೊಲಿಗೆ ಹಾಕಿದರು. ಕೊನೆಗೆ ಸೌಂದರವಲ್ಲಿಯಮ್ಮ ಸಿಲಿಂಡರಿನ ಹಾರ ತೆಗೆದು ಮಗನ ಮುಂದಿಟ್ಟರು.

"ಇದನ್ನೂ ಒಂದು ಸಲ ನಡೆಸಪ್ಪಾ."

"ಸುಮ್ನೆ ದಂಡ ಆಗುತ್ತಮ್ಮಾ. ಒತ್ತಿದ್ರೆ ಹಿತ್ತಿಲೆಲ್ಲಾ ಬೆಳ್ಳಗಾಗಿಬಿಡುತ್ತೆ."

"ಆಗ್ಲಿ. ಹಾಗೆ ಬೆಳ್ಳಗಾದ್ರೆ ತಪ್ಪು ನಂದೇ ಅಂತ ಒಪ್ಕೋತೀನಿ. ನಿಮ್ಮಪ್ಪನ ಪುಸ್ತಕ ನೀನೇ ಬೀಗ ಹಾಕಿ ಇಟ್ಕೋ, ಮತ್ತೆ ಕೇಳಲ್ಲ."

ವೈದ್ಯಲಿಂಗಂ ಸಿಲಿಂಡರನ್ನು ಹಿತ್ತಿಲಿಗೆ ಒಯ್ದ. ತಾಯಿಯನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿದ. ಕಾಲು ಅಗಲಿಸಿ ನಿಂತು, ಪಿನ್ ಎಳೆದು, ಹಿಡಿ ಒತ್ತಿದ.

ಮುದುಕರು ಕುರ್ಚಿಯಲ್ಲಿ ಕೂರುವಾಗ ಉಸಿರು ಬಿಡುತ್ತಾರಲ್ಲ, ಹಾಗೆ 'ಉಸ್ಸ್' ಎಂದಿತು. ಮೂತಿಯಿಂದ ಚಿಟಿಕೆ ವಿಭೂತಿಯಷ್ಟು ಬಿಳಿ ಪುಡಿ ಅವನ ಕಾಲ ಹೆಬ್ಬೆರಳ ಮೇಲೆ ಉದುರಿತು. ಮತ್ತೆ ಒತ್ತಿದ. ಅದೂ ಇಲ್ಲ.

ಸೌಂದರವಲ್ಲಿಯಮ್ಮ ನೋಟುಬುಕ್ಕನ್ನು ಎದೆಗೊತ್ತಿಕೊಂಡು ಒಳಗೆ ಹೊರಟರು. ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ ತಿಲಕವತಿ ಕೂಗಿದಳು:

"ಅತ್ತೇ, ಇವತ್ತಿಂದ ಸಾರು ಸ್ವಲ್ಪ ಜಾಸ್ತೀನೇ ಮಾಡ್ಲಾ?"