ಕಿಟಕಿ ಪಕ್ಕದ ಬೆತ್ತದ ಕುರ್ಚಿ

ಕಾಫಿ ಅಕ್ಕ ಮಂಡಿಯೂರಿ, ಬೆತ್ತದ ಕುರ್ಚಿಯ ನಾಲ್ಕೂ ಕಾಲುಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ತನ್ನದೇ ಅಂಗಡಿಯಲ್ಲಿ ಕಳ್ಳಿಯ ಹಾಗೆ ಬಗ್ಗಿ ಕೂತದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೂ ಎಳೆದಳು. ಇನ್ನೂ ಬೆಳಕಿರುವಾಗಲೇ ಎಂದಿನಂತೆ ಬೀಗ ಹಾಕಿ ಮನೆಗೆ ಹೋದಳು.

ಬೆಳಿಗ್ಗೆ ಬಂದು ನೋಡಿದರೆ ಗೆರೆಗಳು ತಮ್ಮ ಪಾಡಿಗೆ ತಾವಿದ್ದವು. ಕುರ್ಚಿ ಅವುಗಳಿಂದ ಒಂದು ಗೇಣು ಆಚೆ ನಿಂತಿತ್ತು.

"ನೋಡಿದ್ಯಾ? ನಂಗೇನು ತಲೆ ಕೆಟ್ಟಿದ್ಯಾ?" ಎಂದು ಎದುರಂಗಡಿಯ ಬಡಗಿಯನ್ನು ಕರೆದು ತೋರಿಸಿದಳು.

ಬಡಗಿ ಕುರ್ಚಿಯನ್ನು ಮೇಲೆ ಕೆಳಗೆ ಮಾಡಿ ನೋಡಿದ. ಅದರ ಕೈ ಮೇಲೆ ಒಣಗಿದ ಅನ್ನದ ಅಗುಳು. ಬೆನ್ನಿನ ಬೆತ್ತ ಎರಡೂ ಕಡೆ ಸವೆದಿತ್ತು, ಏನನ್ನೋ ದಿನಾ ಕಟ್ಟಿ ಬಿಚ್ಚಿದ ಹಾಗೆ. ಕಾಲುಗಳಿಗೆ ಯಾರೋ ಹಳೇ ಬಟ್ಟೆ ಸುತ್ತಿದ್ದರು.

"ನಿನ್ನ ನೆಲ ಕೆರೀಬಾರ್ದು ಅಂತ ಸುತ್ತಿರೋದು. ಕಳ್ಳ ಬಹಳ ಮರ್ಯಾದಸ್ಥ ಕಣಕ್ಕ," ಎಂದು ನಕ್ಕ.

ಅಕ್ಕನಿಗೆ ನಗು ಬರಲಿಲ್ಲ. ಹಿಂಬಾಗಿಲಿನ ಇನ್ನೊಂದು ಕೀ ಇದ್ದದ್ದು ಒಬ್ಬರ ಹತ್ತಿರ ಮಾತ್ರ. ಹಿಂದಿನ ಮನೆ ಅಜ್ಜಿ.

ಈ ಅಂಗಡಿ ಎದ್ದದ್ದೇ ಬೀದಿಯವರ ಪುಣ್ಯದಿಂದ. ಇದ್ದಬದ್ದದ್ದೆಲ್ಲ ಕಾಫಿ ಯಂತ್ರಕ್ಕೇ ಸುರಿದು, ಬಂದವರನ್ನು ಎಲ್ಲಿ ಕೂರಿಸಲಿ ಎಂದು ಅಕ್ಕ ತಲೆ ಮೇಲೆ ಕೈ ಹೊತ್ತಿದ್ದಾಗ, ಬೀದಿಗೆ ಬೀದಿಯೇ ಸಾಮಾನು ಹೊತ್ತು ತಂದಿತ್ತು. ಬಡಗಿ ಹಳೇ ಬಾಗಿಲೊಂದನ್ನು ಮೇಜು ಮಾಡಿಕೊಟ್ಟ. ಟೈಲರಮ್ಮ ಪರದೆ ಹೊಲಿದಳು. ಮೇಷ್ಟ್ರು ಶಾಲೆಯ ಬೆಂಚು ತಂದರು. ಅದರ ಮೇಲೆ ಯಾವನೋ ತುಂಟ ಮೇಷ್ಟ್ರ ಮೂತಿಯನ್ನೇ ಕೆತ್ತಿದ್ದ. ಒಂದಕ್ಕೊಂದು ತಾಳಮೇಳವಿಲ್ಲದ ಆ ಸಾಮಾನು ಕಂಡು ಅಕ್ಕ ಮೊದಮೊದಲು ಒಳಗೊಳಗೇ ಕುಗ್ಗಿದ್ದಳು. ಬೇಡಿ ತಂದ ಹಾಗೆ ಕಾಣುತ್ತದಲ್ಲ!

ಎಲ್ಲದರಲ್ಲೂ ಚೆಂದದ್ದು ಅಜ್ಜಿಯ ಕುರ್ಚಿ. ಎತ್ತರದ ಬೆನ್ನು, ಅಗಲವಾದ ಕೈ. "ಹಗಲು ಹೊತ್ತು ನಮ್ಮನೇಲಿ ಇದಕ್ಕೇನು ಕೆಲಸ? ನಿನ್ನ ಅಂಗಡೀಲಿರ್ಲಿ. ಹಿಂಬಾಗಿಲಿನ ಕೀ ಒಂದು ನಂಗೆ ಕೊಟ್ಟಿರು," ಎಂದಿದ್ದಳು. ಅಕ್ಕ ಏಣಿ ಹತ್ತಿ ಗೋಡೆಗೆ ಬಣ್ಣ ಬಳಿಯುತ್ತಿದ್ದಳು. "ಆಯ್ತಜ್ಜಿ, ಆಯ್ತು," ಎಂದು ಕೀ ಬಿಚ್ಚಿ ಕೊಟ್ಟಿದ್ದಳು. ಅಂಗಡಿ ಮೇಲೆ ಕಣ್ಣಿಡಲು ಒಬ್ಬರಿದ್ದರೆ ಒಳ್ಳೆಯದೇ ಎಂದುಕೊಂಡಿದ್ದಳು.

ಈಗ ನೋಡಿದರೆ ಹೀಗೆ.

"ಕೊಟ್ಟಿದ್ದಕ್ಕೆ ಹೊಟ್ಟೆ ಉರೀತಿರ್ಬೇಕು," ಎಂದಳು ಟೈಲರಮ್ಮ. "ಸಂಜೆ ಎತ್ಕೊಂಡ್ಹೋಗಿ ಯಾರಿಗಾದ್ರೂ ಬಾಡಿಗೆಗೆ ಬಿಡ್ತಾಳೋ ಏನೋ!"

ಅಷ್ಟರಲ್ಲಿ ಅಜ್ಜಿಯೇ ಲೋಟ ಹಿಡಿದು ಬಂದಳು. "ನಮ್ಮ ಯಜಮಾನರಿಗೆ ಒಂದು ಕಾಫಿ ಕೊಡಮ್ಮ. ಬಿಸಿ ಕಮ್ಮಿ ಇರ್ಲಿ." ಯಜಮಾನರು ಒಂದು ದಿನವಾದರೂ ತಾವೇ ಯಾಕೆ ಬರುವುದಿಲ್ಲ ಎಂದು ಕೇಳುವ ಪುರುಸೊತ್ತು ಅಕ್ಕನಿಗೆ ಯಾವತ್ತೂ ಇರಲಿಲ್ಲ. ಅವತ್ತು ಬಾಯಿಗೆ ಬಂದದ್ದೇ ಬೇರೆ.

"ಕೊಡಕ್ಕೆ ಮನಸ್ಸಿಲ್ದಿದ್ರೆ ಕೊಡ್ಬಾರ್ದಿತ್ತಜ್ಜಿ. ಕೊಟ್ಟು, ಆಮೇಲೆ ಕದ್ದು ಎತ್ಕೊಂಡ್ಹೋಗೋದ್ಯಾಕೆ?"

ಬೆಂಚಿನ ಮೇಲಿದ್ದವರ ಲೋಟಗಳು ಅರ್ಧದಲ್ಲೇ ನಿಂತವು. ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. ಕೂತವರನ್ನೆಲ್ಲ ಒಮ್ಮೆ ನೋಡಿ ಮುಚ್ಚಿಕೊಂಡಳು.

"ನೀನು ಬಾಗಿಲು ತೆಗೆಯೋ ಹೊತ್ತಿಗೆ ತಂದಿಡ್ತಿದ್ದೆನಲ್ಲಮ್ಮ," ಎಂದಳು ಮೆಲ್ಲಗೆ. "ಹೋಗ್ಲಿ ಬಿಡು. ಇನ್ಮೇಲೆ ಹಾಗಾಗಲ್ಲ."

ಕೊರಳಿನ ದಾರದಿಂದ ಕೀ ಬಿಚ್ಚಿ ಗಲ್ಲಾದ ಮೇಲಿಟ್ಟು ಹೋದಳು. ಲೋಟ ಅಲ್ಲೇ ಉಳಿಯಿತು.

ಗೆದ್ದವಳು ಅಕ್ಕ, ಆದರೆ ಮುಖ ಕೆಂಪೇರಿದ್ದೂ ಅವಳದೇ. ಅಷ್ಟು ಜನರೆದುರು, ಅಷ್ಟು ವಯಸ್ಸಾದವಳಿಗೆ! ತಪ್ಪು ಅಜ್ಜಿಯದೇ ಅಲ್ಲವೇ ಎಂದು ಎಷ್ಟು ಸಮಾಧಾನ ಹೇಳಿಕೊಂಡರೂ ಒಳಗೆ ಏನೋ ಚುಚ್ಚುತ್ತಲೇ ಇತ್ತು. ಅಜ್ಜಿ ಮತ್ತೆ ಈ ಕಡೆ ಸುಳಿಯಲಿಲ್ಲ. ಕುರ್ಚಿಯೂ ಇದ್ದಲ್ಲಿಂದ ಅಲುಗಲಿಲ್ಲ.

ಆ ವಾರವೇ ಅಂಗಡಿಗೆ ವರ್ಷ ತುಂಬಿತು. ಸಂಜೆ ವ್ಯಾಪಾರ ನಿಲ್ಲಿಸಿ, ಬೀದಿಯವರನ್ನೆಲ್ಲ ಕರೆದು ಅಕ್ಕ ಕಾಫಿ ಕೊಟ್ಟಳು. "ನೀವೆಲ್ಲ ಕೂರಕ್ಕೆ ಕೊಟ್ರಿ, ಅದಕ್ಕೇ ನಾನು ನನ್ನ ಕಾಲ ಮೇಲೆ ನಿಂತೆ," ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಜಾಗ ಸಾಲದೆ ನಾಲ್ಕಾರು ಜನ ನಿಂತೇ ಕುಡಿದರು. ಆದರೂ ಕಿಟಕಿ ಪಕ್ಕದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಅದನ್ನು ನೋಡಿದಾಗಲೆಲ್ಲ ಅಕ್ಕನ ಮಾತು ತಡವರಿಸುತ್ತಿತ್ತು.

ಕೊನೆಗೆ ತಡೆಯಲಾಗಲಿಲ್ಲ. ಏನೋ ವಯಸ್ಸಾದ ಜೀವ, ಹೊಟ್ಟೆಗೆ ಹಾಕಿಕೊಂಡು ತಾನೇ ಹೋಗಿ ಕರೆತರೋಣ ಎಂದು ದೊಡ್ಡ ಮನಸ್ಸು ಮಾಡಿದಳು. ಬಿಟ್ಟುಹೋದ ಅದೇ ಲೋಟಕ್ಕೆ ಕಾಫಿ ತುಂಬಿ ಹಿಂಬಾಗಿಲಿನಿಂದ ಹೊರಟಳು. ಓಣಿ ದಾಟಿದರೆ ಅಜ್ಜಿಯ ಮನೆ. ವರ್ಷದಲ್ಲಿ ಒಮ್ಮೆಯೂ ಅದರ ಹೊಸ್ತಿಲು ತುಳಿದವಳಲ್ಲ. ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ತಳ್ಳಿದಳು.

ಒಂದೇ ಕೋಣೆ, ಒಂದೇ ಮಂಚ. ಕಡ್ಡಿಯಂತಾಗಿದ್ದ ಮುದುಕರೊಬ್ಬರು ಮಂಚದ ಮೇಲೆ ಕಾಲು ಚಾಚಿ ಕೂತು, ನಡುಗುವ ಕೈಯಿಂದ ತಟ್ಟೆಯ ಅನ್ನವನ್ನು ತಾವೇ ಬಾಯಿಗಿಟ್ಟುಕೊಳ್ಳುತ್ತಿದ್ದರು. ಅವರ ಎದೆಯ ಸುತ್ತ ಹಳೇ ಶಾಲು ಬಿಗಿದಿತ್ತು. ಅದೇ ಶಾಲು ಅಜ್ಜಿಯ ಎದೆಯನ್ನೂ ಸುತ್ತಿ ಬಂದಿತ್ತು. ಗಂಡನ ಬೆನ್ನಿಗೆ ತನ್ನ ಬೆನ್ನು ಕೊಟ್ಟು, ಹಲ್ಲು ಕಚ್ಚಿ, ಅಜ್ಜಿ ನೆಟ್ಟಗೆ ಕೂತಿದ್ದಳು. "ಹಗಲು ಹೊತ್ತು ನಮ್ಮನೇಲಿ ಇದಕ್ಕೇನು ಕೆಲಸ?" ಏಣಿಯ ಮೇಲಿಂದ ಕೇಳಿಯೂ ಕೇಳದ ಆ ಮಾತು ಅಕ್ಕನ ಕಿವಿಗೆ ಈಗ ಬಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬಾಮ್ಮ, ಒಳಗೆ ಬಾ," ಎಂದಳು ಅಜ್ಜಿ. "ಎದ್ದು ಕರೆಯಕ್ಕಾಗಲ್ಲ, ತಪ್ಪು ತಿಳ್ಕೋಬೇಡ. ನಾನೆದ್ರೆ ಇವರು ಬಿದ್ದುಬಿಡ್ತಾರೆ."